ಗೋಡೆಗೆ ಅಂಟಿಸಿದ ಬೆಳಕು

ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕನ್ನಡದ ಗಂಧಗಾಳಿ ಇಲ್ಲದವರೂ ಹಾಗೆಯೇ ಕರೆಯುತ್ತಿದ್ದರು. ಎರಡನೇ ಮಹಡಿಯ ಮರಾಠಿ ಅಜ್ಜಿ ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ದೊಡ್ಡವರು, ಆದರೂ ಬಾಯಿಗೆ ಬರುತ್ತಿದ್ದುದು ಅಕ್ಕ ಎಂಬ ಮಾತೇ. ವಡಾಲದ ಆ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಅಕ್ಕ ಮೆಸ್ ನಡೆಸುತ್ತಿದ್ದರು. ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅವರು ಬೇಗ ತೀರಿಕೊಂಡ ಮೇಲೆ ಅಕ್ಕ ತಮ್ಮ ಎರಡು ಕೋಣೆಗಳಲ್ಲಿ ಒಂದನ್ನು ಅಡುಗೆಗೆ, ಇನ್ನೊಂದನ್ನು ಊಟಕ್ಕೆ ಮಾಡಿಕೊಂಡು, ತಾವು ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಮಲಗತೊಡಗಿದರು. ಬಂದರಿನ ಗೋದಾಮುಗಳಲ್ಲಿ ಕೆಲಸ ಮಾಡುವವರು, ಒಂಟಿಯಾಗಿ ರೂಮು ಮಾಡಿಕೊಂಡಿರುವವರು, ಬಿಲ್ಡಿಂಗಿನಲ್ಲೇ ಅಡುಗೆ ಮಾಡಲಾಗದಷ್ಟು ಹಣ್ಣಾದವರು, ಎಲ್ಲರ ಡಬ್ಬಿಯೂ ಅಲ್ಲಿಂದಲೇ ತುಂಬುತ್ತಿತ್ತು.

ಯಾರಾದರೂ ಕೇಳಿದರೆ ನಾನು ಮೈಸೂರು ಕಡೆಯವಳು ಎನ್ನುತ್ತೇನೆ. ಆದರೆ ಹುಟ್ಟಿ ಬೆಳೆದದ್ದೆಲ್ಲ ಆ ಕಟ್ಟಡದ ಮೂರನೇ ಮಹಡಿಯಲ್ಲಿ. ಅಪ್ಪ ಕಚೇರಿಯ ಕೆಲಸಕ್ಕೆಂದು ಬಂದು ಇಲ್ಲೇ ಬೇರುಬಿಟ್ಟರು. ನಾನು ಭೌತಶಾಸ್ತ್ರ ಓದಿದೆ, ಒಂದು ಪ್ರಯೋಗಾಲಯ ಸೇರಿದೆ, ಗಾಜಿನ ಎಳೆಗಳ ಸಹವಾಸದಲ್ಲಿ ತಲೆ ನರೆಸಿಕೊಂಡೆ. ಮದುವೆ ಆಗಲಿಲ್ಲ. ಏಕೆ ಎಂದು ಕೇಳುವವರಿಗೆ ನನ್ನ ನಾಲಿಗೆಯನ್ನು ತೋರಿಸಿದರೆ ಸಾಕು ಎಂದು ಅಕ್ಕ ಹಾಸ್ಯ ಮಾಡುತ್ತಿದ್ದರು. ನಾನು ಮುಂಗೋಪಿ, ಹೌದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಅಕ್ಕನ ಅಡುಗೆಮನೆಯ ಒಲೆಯ ಹಿಂದಿನ ಗೋಡೆಯಲ್ಲಿ ಒಂದು ಬಿರುಕಿತ್ತು. ಮೊದಲು ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮುಂಬಯಿಯಲ್ಲಿ ಬಿರುಕಿಲ್ಲದ ಹಳೆಯ ಗೋಡೆ ಎಲ್ಲಿದೆ? ಆದರೆ ಒಂದು ಬೇಸಿಗೆಯಲ್ಲಿ ಕಟ್ಟಡದ ಬಲ ಪರೀಕ್ಷಿಸುವ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕಾಗಿ ಬಂತು. ಬಂದ ಎಂಜಿನಿಯರ್ ಬೇರೆ ಕಂಬಗಳನ್ನು ಕುಟ್ಟಿ ನೋಡಿ ಸುಮ್ಮನಿದ್ದವನು, ಅಕ್ಕನ ಗೋಡೆಯ ಮುಂದೆ ಮಾತ್ರ ಬಹಳ ಹೊತ್ತು ನಿಂತ. ಇಡೀ ಕಟ್ಟಡದ ಭಾರ ಆ ಮೂಲೆಯಲ್ಲಿ ಇಳಿಯುತ್ತದೆ, ಈ ಬಿರುಕು ಹಳೆಯದಾಗಿ ನಿಂತುಹೋದದ್ದಾದರೆ ರಿಪೇರಿ ಸಾಕು, ಇನ್ನೂ ಅಗಲವಾಗುತ್ತಿದ್ದರೆ ಎಲ್ಲರೂ ಮನೆ ಬಿಡಬೇಕು ಎಂದ. ಯಾವುದು ಎಂದು ಕೇಳಿದರೆ, ಮಳೆಗಾಲ ಕಳೆಯುವವರೆಗೆ ಗಮನಿಸಿ ನೋಡಬೇಕು ಎಂದ.

ಮನೆ ಬಿಡುವುದು ಎಂದರೆ ಏನೆಂದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಹೊಸ ಕಟ್ಟಡ ಕಟ್ಟಿಕೊಡುತ್ತೇವೆ ಎಂದು ಹೊರಗೆ ಕಳುಹಿಸುತ್ತಾರೆ, ಹೋದವರು ಎಲ್ಲೆಲ್ಲೋ ಬಾಡಿಗೆಗೆ ಇರುತ್ತಾರೆ, ವರ್ಷಗಳು ಕಳೆಯುತ್ತವೆ, ಮಕ್ಕಳು ಬೇರೆ ರೈಲು ಸ್ಟೇಷನ್ನಿನವರಾಗಿಬಿಡುತ್ತಾರೆ. ಉಳಿದವರಿಗೆ ಮನೆ ಹೋದರೆ ಅಕ್ಕನಿಗೆ ಮನೆಯೂ ಹೋಗುತ್ತಿತ್ತು, ಒಲೆಯೂ ಹೋಗುತ್ತಿತ್ತು. ಆ ವಯಸ್ಸಿನಲ್ಲಿ ಇನ್ನೊಂದು ಕಡೆ ಮೆಸ್ ಶುರು ಮಾಡುವುದು ಆಗದ ಮಾತು. ಒಲೆ ಇಲ್ಲದ ಅಕ್ಕ ಎಂದರೆ ಏನೆಂದು ಊಹಿಸಲೂ ನನ್ನಿಂದ ಆಗುತ್ತಿರಲಿಲ್ಲ.

ಗಮನಿಸಿ ನೋಡುವುದು ಎಂದರೆ ಸಾಮಾನ್ಯವಾಗಿ ಬಿರುಕಿನ ಮೇಲೆ ಒಂದು ತುಂಡು ಗಾಜು ಅಂಟಿಸುತ್ತಾರೆ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ. ಆದರೆ ಅದು ಒಡೆಯುವ ಹೊತ್ತಿಗೆ ತಡವಾಗಿರಬಹುದು. ಅದಕ್ಕಿಂತ ಸೂಕ್ಷ್ಮವಾದದ್ದು ನನ್ನ ಕೈಯಲ್ಲೇ ಇತ್ತು. ನಾನು ಅದಕ್ಕೇ ಅಲ್ಲವೇ ಜೀವ ತೇಯ್ದದ್ದು? ಮೇಲಧಿಕಾರಿಗಳ ಒಪ್ಪಿಗೆ ಪಡೆದು ಪ್ರಯೋಗಾಲಯದಿಂದ ಒಂದು ಉಪಕರಣವನ್ನು ತಂದೆ.

ಅದರ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯ ಒಂದು ತುದಿಯಲ್ಲಿ ಬೆಳಕು ಬಿಟ್ಟರೆ ಅದು ಒಳಗೊಳಗೇ ಪುಟಿಯುತ್ತ ಸಾಗಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಮನೆಮನೆಗೆ ಇಂಟರ್ನೆಟ್ ತರುವ ಫೈಬರ್ ಅದೇ. ಬೆಳಕು ಗಾಜಿನ ಒಳಗೇ ಇರುತ್ತದೆ ಎಂದು ಶಾಲೆಯಲ್ಲಿ ಹೇಳಿ ಮುಗಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಬೆಳಕಿನ ಒಂದು ಸಣ್ಣ ಪಾಲು ಗಾಜಿನ ಅಂಚಿನ ಆಚೆಗೂ ಚೂರು ಹಬ್ಬಿಕೊಂಡೇ ಸಾಗುತ್ತದೆ. ಹೊರಗೆ ಹರಿದುಹೋಗುವುದಿಲ್ಲ, ಅಂಚನ್ನು ಬಿಟ್ಟು ದೂರವೂ ಹೋಗುವುದಿಲ್ಲ. ಅಂಚಿನಿಂದ ಕೊಂಚ ಸರಿದರೆ ಇಲ್ಲವೇ ಇಲ್ಲ ಎಂಬಷ್ಟು ಬೇಗ ಕ್ಷೀಣಿಸುತ್ತದೆ. ಎಳೆಯ ಮೇಲಿನ ಹೊದಿಕೆಯನ್ನು ಸವೆಸಿ, ಅದರ ಪಕ್ಕದಲ್ಲಿ ಹಾಗೆಯೇ ಸವೆಸಿದ ಇನ್ನೊಂದು ಎಳೆಯನ್ನು ಮಲಗಿಸಿದರೆ, ಮೊದಲನೆಯದರ ಬೆಳಕಿನಲ್ಲಿ ಒಂದಷ್ಟು ಎರಡನೆಯದಕ್ಕೆ ದಾಟಿಕೊಳ್ಳುತ್ತದೆ. ಎರಡೂ ಒಂದಕ್ಕೊಂದು ತಾಗಬೇಕಾಗಿಲ್ಲ. ಹತ್ತಿರವಿದ್ದರೆ ಸಾಕು. ಆದರೆ ನಡುವಿನ ಸಂದು ಕಣ್ಣಿಗೆ ಕಾಣದಷ್ಟು ಹಿಗ್ಗಿದರೂ ದಾಟುವ ಬೆಳಕು ಕಡಿಮೆಯಾಗುತ್ತದೆ.

ಬಿರುಕಿನ ಒಂದು ಪಕ್ಕಕ್ಕೆ ಒಂದು ಎಳೆಯನ್ನೂ ಇನ್ನೊಂದು ಪಕ್ಕಕ್ಕೆ ಇನ್ನೊಂದನ್ನೂ ಕೂರಿಸಿದೆ. ಗೋಡೆಯ ಅಲುಗಾಟವೆಲ್ಲ ಹಾಗೆಯೇ ಎಳೆಗಳಿಗೆ ಹೋಗದಂತೆ ನಡುವೆ ಬಾಗುವ ಒಂದು ಲೋಹದ ಪಟ್ಟಿ ಇಟ್ಟೆ. ಮೇಲೆ ರಬ್ಬರಿನ ಅಂಚಿನ, ಹಬೆ ನುಗ್ಗದ ಮುಚ್ಚಳ. ಹೊರಗೆ ಒಂದು ಸಣ್ಣ ಪರದೆ, ಅದರಲ್ಲಿ ಎರಡನೇ ಎಳೆಗೆ ದಾಟಿದ ಬೆಳಕಿನ ಅಂಕಿ. ನಾನು ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಅಕ್ಕ ಸೌಟು ಹಿಡಿದು ಹಿಂದೆಯೇ ನಿಂತಿದ್ದರು.

"ಎಂತ ಮಾರಾಯ್ತಿ ಇದು? ಮುಟ್ಟುದಿಲ್ಲ ಅಂತಿ, ಆಚೆ ಹೋಗ್ತದೆ ಅಂತಿ. ಮುಟ್ಟದೆ ಹೇಗೆ ಹೋಗುದು?"

"ನೀವು ಇಲ್ಲಿ ಒಗ್ಗರಣೆ ಹಾಕಿದ್ರೆ ಪಕ್ಕದ ಮನೆಯವರಿಗೆ ಗೊತ್ತಾಗೋದಿಲ್ವೆ ಅಕ್ಕ?"

"ಗೊತ್ತಾಗ್ತದೆ. ಡಬ್ಬಿ ಹಿಡ್ಕೊಂಡೇ ಬರ್ತಾರೆ."

"ರಸ್ತೆ ಆಚೆಯವರಿಗೆ?"

"ಅಷ್ಟು ದೂರ ಎಲ್ಲಿ ಹೋಗ್ತದೆ?"

"ಹಾಗೇ ಇದೂನೂ. ಗೋಡೆ ದೂರ ಸರಿದ್ರೆ ದಾಟೋದಿಲ್ಲ."

ಅಕ್ಕ ಒಪ್ಪಿದರು ಎಂದು ಹೇಳಲಾರೆ, ಆದರೆ ಆವತ್ತಿನಿಂದ ಆ ಪೆಟ್ಟಿಗೆ ಅವರ ಪಾಲಿಗೆ ಮನೆಯ ಒಂದು ಜೀವವಾಯಿತು. ಬೆಳಿಗ್ಗೆ ನಾನು ಕೆಲಸಕ್ಕೆ ಇಳಿಯುವಾಗ ಬಾಗಿಲಲ್ಲಿ ನಿಲ್ಲಿಸಿ ಅಂಕಿಯನ್ನು ಹೇಳುತ್ತಿದ್ದರು. ಹೆಚ್ಚು ಕಡಿಮೆ ಆದರೆ ಮುಖ ಸಣ್ಣದಾಗುತ್ತಿತ್ತು. ಮಧ್ಯಾಹ್ನದ ಬಿಸಿಗೆ ಗೋಡೆ ಹಿಗ್ಗುತ್ತದೆ, ಸಂಜೆ ಮತ್ತೆ ಸರಿಹೋಗುತ್ತದೆ, ಅಂಜಬೇಡಿ ಎಂದು ನಾನು ಹೇಳಬೇಕಾಗುತ್ತಿತ್ತು. ಮೆಸ್ಸಿಗೆ ಬಂದವರಿಗೆಲ್ಲ ಅದನ್ನು ತೋರಿಸುವರು. ಅದರ ಕಡೆಗೆ ಯಾರಾದರೂ ಎಂಜಲು ಕೈ ಚಾಚಿದರೆ ಗದರುವರು.

ಮಳೆಗಾಲವಿಡೀ ಬೆಳಕು ನೆಟ್ಟಗೆ ನಿಂತಿತ್ತು. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆದ ದಿನ ನಾನು ಪ್ರಯೋಗಾಲಯಕ್ಕೆ ಹೋಗಲಾಗದೆ ಇಡೀ ಹಗಲು ಅಕ್ಕನ ಅಡುಗೆಮನೆಯಲ್ಲಿ ಕುಳಿತಿದ್ದೆ. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಪರದೆಯ ಅಂಕಿ ಕದಲಲಿಲ್ಲ. ಅಂದು ನನಗೆ ಆದ ಸಂತೋಷ ನನ್ನ ಹೆಸರು ಮೊದಲ ಸಲ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದಾಗಲೂ ಆಗಿರಲಿಲ್ಲ. ಕಟ್ಟಡದ ನಿವಾಸಿಗಳ ಸಂಘದ ಸೆಕ್ರೆಟರಿ ಬೆಳಗಾವಿ ಕಡೆಯವರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಅವರು ಮೆಟ್ಟಿಲ ಮೇಲೆ ಕಂಡಾಗಲೆಲ್ಲ, "ಏನ್ರಿ ಮೇಡಂ, ನಮ್ಮ ಗ್ವಾಡಿ ಪಾಸ್ ಆಗ್ಯದ ಅಲ್ರಿ?" ಎಂದು ಕೇಳುತ್ತಿದ್ದರು. ಇನ್ನೂ ಸ್ವಲ್ಪ ದಿನ ಕಾಯಿರಿ ಎನ್ನುತ್ತಿದ್ದೆ, ಆದರೆ ಒಳಗೊಳಗೆ ನಾನೂ ಪಾಸು ಮಾಡಿಯಾಗಿತ್ತು.

ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಆ ಅಂಕಿ ಒಮ್ಮೆಲೇ ಅರ್ಧಕ್ಕೆ ಇಳಿದರೆ ನನ್ನ ಫೋನಿಗೂ ಸೆಕ್ರೆಟರಿಯವರ ಫೋನಿಗೂ ಸಂದೇಶ ಬರುತ್ತದೆ, ಆಗ ಏನನ್ನೂ ಕೇಳದೆ ಎಲ್ಲರೂ ರಸ್ತೆಗೆ ಇಳಿಯಬೇಕು.

ಸಂದೇಶ ಬಂದದ್ದು ಆಯುಧಪೂಜೆಯ ದಿನ ಬೆಳಿಗ್ಗೆ. ನಾನು ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಫೋನು ಕೂಗಿತು. ನೋಡಿದರೆ ಅಂಕಿ ಅರ್ಧಕ್ಕಲ್ಲ, ಹೆಚ್ಚುಕಡಿಮೆ ಸೊನ್ನೆಗೆ ಹೋಗಿತ್ತು. ಸೆಕ್ರೆಟರಿಯವರು ಆಗಲೇ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದರು. ಹೊಸ ಬಟ್ಟೆಯ ಹೆಂಗಸರು, ಮುಖಕ್ಕೆ ಶೇವಿಂಗ್ ನೊರೆ ಮೆತ್ತಿಕೊಂಡ ಗಂಡಸರು, ಕುರ್ಚಿಯ ಸಮೇತ ಎತ್ತಿ ತಂದ ಮರಾಠಿ ಅಜ್ಜಿ, ಎಲ್ಲರೂ ರಸ್ತೆಗೆ ಬಂದರು. ಅಕ್ಕನೂ ಬಂದರು. ಕೈಯಲ್ಲಿ ಹೂವಿನ ಬುಟ್ಟಿ ಹಾಗೆಯೇ ಇತ್ತು. ಎಲ್ಲರೂ ತಲೆಯೆತ್ತಿ ನಮ್ಮ ಕಟ್ಟಡವನ್ನು ನೋಡುತ್ತ ನಿಂತೆವು. ಅದು ಎಂದಿನಂತೆಯೇ ನಿಂತಿತ್ತು.

ಎಂಜಿನಿಯರ್ ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಎಲ್ಲರೂ ಬೇಡ ಬೇಡ ಎನ್ನುತ್ತಿದ್ದರೂ ಒಳಗೆ ಹೋದೆ. ಅಕ್ಕನ ಅಡುಗೆಮನೆ ಪೂಜೆಗೆ ಸಜ್ಜಾಗಿತ್ತು. ಗ್ರೈಂಡರಿಗೆ ಚೆಂಡುಹೂವಿನ ಹಾರ. ತುರಿಮಣೆ, ಗ್ಯಾಸಿನ ಒಲೆ, ತಕ್ಕಡಿ, ದೊಡ್ಡ ಸೌಟು, ಎಲ್ಲದಕ್ಕೂ ಗಂಧ, ಅದರ ಮೇಲೆ ಕುಂಕುಮ. ಗೋಡೆಯ ಮೇಲಿನ ನನ್ನ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ, ಆ ಎರಡು ಎಳೆಗಳು ಬೆತ್ತಲೆಯಾಗಿ ಅಕ್ಕಪಕ್ಕ ಮಲಗಿದ್ದ ಜಾಗದ ಮೇಲೆ ಸರಿಯಾಗಿ, ಇನ್ನೂ ಒಣಗದ ಗಂಧದ ಬೊಟ್ಟು.

ಕೋಪವೂ ನಗುವೂ ಅಳುವೂ ಒಟ್ಟಿಗೆ ಬಂದವು. ಅಂಚಿನ ಆಚೆಗೆ ಚೂರು ಹಬ್ಬಿದ ಬೆಳಕಿಗೆ ಏನು ತಗುಲಿದರೂ ಸಾಕು, ಅಲ್ಲಿಯೇ ಸೋರಿಹೋಗುತ್ತದೆ. ಒಂದು ಹನಿ ನೀರು ಬಿದ್ದರೂ ಕೆಡುವಂಥದ್ದು, ಇಲ್ಲಿ ತೇಯ್ದ ಗಂಧವೇ ಬಿದ್ದಿತ್ತು.

"ಮುಚ್ಚಳ ಯಾಕೆ ತೆಗೆದ್ರಿ ಅಕ್ಕ?" ಎಂದು ಹೊರಗೆ ಬಂದು ರಸ್ತೆಯಲ್ಲೇ ಕೂಗಿದೆ.

"ಪೂಜೆ ಮುಚ್ಚಳಕ್ಕಾ ಮಾಡುದು?" ಅಕ್ಕ ನನಗಿಂತ ಜೋರಾಗಿ ಹೇಳಿದರು. "ವರ್ಷಕ್ಕೆ ಒಂದು ದಿನ. ಹಗಲು ರಾತ್ರಿ ದುಡಿಯುದು ಅದು. ಎಲ್ಲದಕ್ಕೂ ಇಟ್ಟು ಅದಕ್ಕೊಂದು ಬಿಡುದು ಹೇಗೆ?"

ರಸ್ತೆಯಲ್ಲಿ ನಗು ಎದ್ದಿತು. ಭಯ ಇಳಿದಾಗ ಬರುವ ನಗು ಅದು, ತಡೆದರೂ ನಿಲ್ಲುವುದಿಲ್ಲ. ಸೆಕ್ರೆಟರಿಯವರು ಕಣ್ಣೊರೆಸಿಕೊಂಡು, "ಗಂಧಾ ಹಚ್ಚಿದ್ರ ಬಿಲ್ಡಿಂಗ್ ಬೀಳ್ತೈತಿ ಅಂತ ಹೇಳ್ತದಲ್ರಿ ನಿಮ್ಮ ಮಷೀನು" ಎಂದರು. ಆ ಮಾತು ಅದೇ ದಿನ ಇಡೀ ಕಟ್ಟಡದ ಬಾಯಿಗೆ ಬಂತು. ಅಕ್ಕ ಎಲ್ಲರಿಗೂ ಪಾಯಸ ಕುಡಿಸಿ ಕಳುಹಿಸಿದರು.

ಸಂಜೆ ನಾನು ಸ್ಪಿರಿಟ್ ತಂದು, ಹತ್ತಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಎಳೆಗಳನ್ನು ಒರೆಸಿದೆ. ಒಣಗಿದ ಮೇಲೆ ಅಂಕಿ ಏರತೊಡಗಿತು. ಆದರೆ ಮೊದಲಿನ ಮಟ್ಟಕ್ಕೆ ಬರಲಿಲ್ಲ. ಮತ್ತೆ ಒರೆಸಿದೆ. ಹಾಗೆಯೇ ಉಳಿಯಿತು. ಚೂರು ಗಂಧ ಎಲ್ಲೋ ಉಳಿದಿರಬೇಕು ಎಂದು ಅಕ್ಕ ಹೇಳಿದರು. ನನಗೂ ಹಾಗೆ ಅಂದುಕೊಳ್ಳುವ ಆಸೆ ಬಹಳವಿತ್ತು.

ಆದರೆ ಅದನ್ನು ಪರೀಕ್ಷಿಸುವ ದಾರಿ ಆ ಪೆಟ್ಟಿಗೆಯಲ್ಲೇ ಇತ್ತು. ಹೊರಗಿನ ಪರದೆ ತೋರಿಸುತ್ತಿದ್ದುದು ಎರಡನೇ ಎಳೆಯ ಬೆಳಕನ್ನು ಮಾತ್ರ. ದಾಟದೆ ಮೊದಲನೆಯದರಲ್ಲೇ ಉಳಿದ ಬೆಳಕನ್ನೂ ಅಳೆಯಬಹುದು. ಗಂಧ ಉಳಿದಿದ್ದರೆ ಅದು ಬೆಳಕನ್ನು ನುಂಗಿರಬೇಕು, ಎರಡೂ ಎಳೆಗಳಲ್ಲಿ ಬೆಳಕು ಕಡಿಮೆ ಇರಬೇಕು. ಬೆಳಿಗ್ಗೆ ಆಗಿದ್ದು ಅದೇ. ಈಗ ನೋಡಿದರೆ ಎರಡೂ ಸೇರಿ ಮೊದಲು ಇದ್ದಷ್ಟೇ ಬೆಳಕಿತ್ತು. ಒಂದಿಷ್ಟೂ ಕಳೆದಿರಲಿಲ್ಲ. ಎರಡನೆಯದರಲ್ಲಿ ಕಡಿಮೆಯಾದಷ್ಟೂ ಮೊದಲನೆಯದರಲ್ಲಿ ಉಳಿದುಕೊಂಡಿತ್ತು. ಅಂದರೆ ಎಳೆಗಳು ಚೊಕ್ಕವಾಗಿದ್ದವು. ನಡುವಿನ ಸಂದು ಅಗಲವಾಗಿತ್ತು.

ಅಕ್ಕನ ಬೆರಳು ಒತ್ತಿ ಸರಿದಿರಬಹುದು ಎಂದುಕೊಂಡೆ. ಅದೂ ಆಗಬಹುದಾದದ್ದೇ. ಮರುದಿನ ಪ್ರಯೋಗಾಲಯದಿಂದ ಹೊಸ ಜೋಡಿ ತಂದು, ಹೊಸದಾಗಿ ಅಂಟಿಸಿ, ಮುಚ್ಚಳಕ್ಕೆ ಬೀಗ ಹಾಕಿ ಕಾದೆ. ಯಾರೂ ಮುಟ್ಟಲಿಲ್ಲ. ದಿನ ದಿನವೂ ಎರಡನೆಯದರ ಬೆಳಕು ತುಸು ಇಳಿಯುತ್ತ, ಮೊದಲನೆಯದರದ್ದು ಅಷ್ಟೇ ಏರುತ್ತ ಬಂತು. ಅಕ್ಟೋಬರ್ ಬಿಸಿಲಿಗೆ ಹಿಗ್ಗಿದ್ದಾದರೆ ಸಂಜೆಯ ತಂಪಿಗೆ ಹಿಂದೆ ಬರಬೇಕು. ಹಿಂದೆ ಬರುತ್ತಿರಲಿಲ್ಲ. ಮಳೆಗಾಲವಿಡೀ ನೀರು ಕುಡಿದು ಊದಿಕೊಂಡು ಬಿರುಕನ್ನು ಬಿಗಿಹಿಡಿದು ನಿಂತಿದ್ದ ಗೋಡೆ, ಈಗ ಒಣಗುತ್ತ ತನ್ನ ನಿಜ ಸ್ಥಿತಿಗೆ ಬರುತ್ತಿತ್ತು. ಎಂಜಿನಿಯರನನ್ನು ಕರೆಸಿದೆ. ಅವನು ಅಂಕಿಗಳನ್ನು ನೋಡಿ, ಕಂಬವನ್ನು ಮತ್ತೆ ಕುಟ್ಟಿ, "ಇದು ಇನ್ನೂ ಹತ್ತಾರು ವರ್ಷ ನಿಂತರೂ ನಿಲ್ಲಬಹುದು, ನಾಳೆಯೇ ಹೋದರೂ ಹೋಗಬಹುದು. ನಾನಾದರೆ ಇಲ್ಲಿ ಮಲಗುವುದಿಲ್ಲ" ಎಂದ. ಗೊತ್ತಿಲ್ಲ ಎಂಬುದನ್ನು ಗೊತ್ತಿಲ್ಲ ಎಂದೇ ಹೇಳಿದ ಮನುಷ್ಯ ಅವನು, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಭಾನುವಾರ ಎಲ್ಲರೂ ಮೊದಲ ಮಹಡಿಯ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಸೇರಿದರು. ನಾನು ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದೆ. ಕನ್ನಡದಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಮರಾಠಿಯಲ್ಲಿ ತಡವರಿಸಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

"ಮೇಡಂ, ತಪ್ಪ ತಿಳೀಬ್ಯಾಡ್ರಿ," ಎಂದರು ಸೆಕ್ರೆಟರಿ. "ಮೊನ್ನೆ ಗಂಧಾ ಹಚ್ಚಿದ್ದಕ್ಕ ಹೆದರಿ ಓಡೀವಿ. ಇವತ್ತ ಮತ್ತ ಓಡ್ರಿ ಅಂತೀರಿ. ಕಣ್ಣಿಗೆ ಕಾಣೂದಿಲ್ಲ, ಕೈಗೆ ಸಿಗೂದಿಲ್ಲ, ಅಂಥಾ ಸಂದಿ ನಂಬಿ ಮನಿ ಬಿಡೂದು ಹ್ಯಾಂಗ್ರಿ? ಒಮ್ಮೆ ಬಿಟ್ಟರ ಮತ್ತ ಬರೂದ ಆಗ್ತದೇನು?"

ನನ್ನ ಬಾಯಿಗೆ ಖಾರದ ಮಾತು ಬಂತು, ಆದರೆ ನುಂಗಿಕೊಂಡೆ. ಅವರ ಹೆಂಡತಿ ಪಕ್ಕದಲ್ಲೇ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಆ ಮನೆಯಲ್ಲೇ ಅವರ ಸಂಸಾರ ಶುರುವಾದದ್ದು, ಅಲ್ಲೇ ಒಂದು ಮಗುವನ್ನು ಕಳೆದುಕೊಂಡದ್ದು. ಸೆಕ್ರೆಟರಿಯವರು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ನನ್ನ ಹತ್ತಿರ ಇದ್ದದ್ದು ನಿಜವಾಗಿಯೂ ಕಣ್ಣಿಗೆ ಕಾಣದ ಒಂದು ಸಂದು ಮಾತ್ರ. ಸಭೆ ಏನೂ ತೀರ್ಮಾನವಾಗದೆ ಚದುರಿತು. ಅಕ್ಕ ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದರು.

ಮಾರನೆಯ ದಿನ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಅಕ್ಕ ನನ್ನನ್ನು ಕರೆಸಿದರು. ನಾನು ರಜೆ ಹಾಕಿದ್ದೆ. ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿಯಾಗಿತ್ತು.

"ತೋರಿಸು ನೋಡುವ, ಇನ್ನೊಂದು ಸಲ," ಎಂದರು.

ಮುಚ್ಚಳ ತೆರೆದು ಎರಡೂ ಎಳೆಗಳ ಅಂಕಿಗಳನ್ನು ತೋರಿಸಿದೆ. ಇಷ್ಟು ಇಲ್ಲಿತ್ತು, ಇಷ್ಟು ಅಲ್ಲಿತ್ತು, ಕಳೆದದ್ದು ಏನೂ ಇಲ್ಲ, ಆದರೆ ದಾಟುವುದು ಕಡಿಮೆಯಾಗಿದೆ ಎಂದೆ. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇವತ್ತು ಗಂಧ ಇಲ್ಲ ಅಲ್ವಾ?"

"ಇಲ್ಲ ಅಕ್ಕ."

"ನಾನು ಕೈ ಇಟ್ಟದ್ದಕ್ಕೆ ಹೀಗೆ ಆದದ್ದಲ್ಲ?"

"ನೀವು ಇಡದೇ ಇದ್ದಿದ್ರೆ ನಾನು ಮೊದಲನೇ ಎಳೆಯನ್ನ ನೋಡ್ತಾನೇ ಇರಲಿಲ್ಲ. ದಿನಕ್ಕೆ ಇಷ್ಟಿಷ್ಟೇ ಇಳಿದ್ರೆ ಬಿಸಿಲು ಅಂತ ಸುಮ್ಮನಿದ್ದುಬಿಡ್ತಿದ್ದೆ."

ಅಕ್ಕನ ಕೈ ತನ್ನಷ್ಟಕ್ಕೆ ಒಲೆಯ ಕಟ್ಟೆಯನ್ನು ಒರೆಸುತ್ತಿತ್ತು. ಆಮೇಲೆ ಹೇಳಿದರು:

"ಪೂಜೆ ಮಾಡಿದ್ದು ನಾನು. ಗಂಧ ಇಟ್ಟು, ಹೂ ಇಟ್ಟು, ಕೈ ಮುಗಿದದ್ದು ನಾನು. ಈಗ ಅದು ಹೇಳಿದ್ದು ನನಗೆ ಬೇಡದ್ದು ಅಂತ ಕೇಳುದಿಲ್ಲ ಅಂದ್ರೆ, ಮತ್ತೆ ಕೈ ಮುಗಿದದ್ದು ಎಂತಕ್ಕೆ?"

ಅದು ಯಂತ್ರ, ಅದಕ್ಕೆ ನಂಬಿಕೆ ಬೇಕಿಲ್ಲ, ಅಂಕಿಯನ್ನು ಓದಿದರೆ ಸಾಕು ಎಂದೆಲ್ಲ ಬೇರೆ ಯಾರಿಗಾದರೂ ಪಾಠ ಹೇಳುತ್ತಿದ್ದೆನೇನೋ. ಅಕ್ಕನ ಎದುರು ನನ್ನ ಪಾಠವೆಲ್ಲ ಅಡಗಿಹೋಯಿತು.

ಆ ರಾತ್ರಿಯ ಊಟವನ್ನು ಎಂದಿನಂತೆಯೇ ಬಡಿಸಿದರು. ಮರುದಿನ ಬೆಳಿಗ್ಗೆ ಒಗ್ಗರಣೆಯ ವಾಸನೆ ಬರಲಿಲ್ಲ. ನನಗೆ ಎಚ್ಚರವಾದದ್ದೇ ಅದು ಬಾರದ್ದರಿಂದ ಎಂದು ಕಾಣುತ್ತದೆ. ಕೆಳಗೆ ಇಳಿದು ನೋಡಿದರೆ ಮೆಸ್ಸಿನ ಬಾಗಿಲಲ್ಲಿ ಜನ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ ಗ್ಯಾಸಿನ ಒಲೆಯ ಪೈಪು ಕಳಚಿ ಸುತ್ತಿಟ್ಟಿತ್ತು. ಗ್ರೈಂಡರನ್ನು ಗೋಣಿಯಲ್ಲಿ ಕಟ್ಟಿಯಾಗಿತ್ತು. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು.

"ಇವತ್ತಿನಿಂದ ಇಲ್ಲ ಮಗಾ. ಗೋಡೆ ಸರಿ ಇಲ್ಲ."

ಯಾರೂ ಎದುರಾಡಲಿಲ್ಲ. ಅಂಕಿಗಳನ್ನು ನಂಬದೆ ಇದ್ದವರೆಲ್ಲ ಆ ಕಳಚಿದ ಪೈಪನ್ನು ನೋಡಿ ನಂಬಿದರು. ಗಂಡ ಸತ್ತಾಗ ಸೂತಕ ಕಳೆದ ಮರುದಿನವೇ ಒಲೆ ಹಚ್ಚಿದ್ದ ಹೆಂಗಸು ಅವರು, ಅದು ಎಲ್ಲರಿಗೂ ಗೊತ್ತಿತ್ತು. ಮೊದಲು ಹೊರಟವರು ಎರಡನೇ ಮಹಡಿಯ ಅಜ್ಜಿಯ ಮನೆಯವರು. ಆಮೇಲೆ ಚಿಕ್ಕ ಮಕ್ಕಳಿದ್ದವರು. ಟೆಂಪೋಗಳು ಬಂದವು, ಕಪಾಟುಗಳು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡವು, ಬೈಗುಳ, ಅಳು, ಫೋನ್ ನಂಬರುಗಳ ವಿನಿಮಯ. ಸೆಕ್ರೆಟರಿಯವರು ಎಲ್ಲರೂ ಖಾಲಿ ಮಾಡುವವರೆಗೆ ಇದ್ದು ಕೊನೆಗೆ ಹೋದರು. ನನ್ನನ್ನು ಕಂಡು ತಲೆ ಆಡಿಸಿ ಟೆಂಪೋ ಹತ್ತಿದರು. ನಾನು ಮಾಟುಂಗಾದಲ್ಲಿ ಒಂದು ಸಣ್ಣ ರೂಮು ಹಿಡಿದೆ. ಅಕ್ಕನನ್ನು ಅವರ ತಮ್ಮನ ಮಗಳು ಬೊರಿವಲಿಗೆ ಕರೆದುಕೊಂಡು ಹೋದಳು.

ಕಟ್ಟಡ ಬೀಳಲಿಲ್ಲ. ಕೆಲವು ತಿಂಗಳು ಕಬ್ಬಿಣದ ಆಸರೆಗಳ ಮೇಲೆ ಖಾಲಿ ನಿಂತಿತ್ತು, ಆಮೇಲೆ ಅದನ್ನು ಕೆಡವಿದರು. ಕೆಡವುವ ದಿನಗಳಲ್ಲಿ ಸೆಕ್ರೆಟರಿಯವರು ದಿನವೂ ಹೋಗಿ ರಸ್ತೆಯ ಆಚೆ ನಿಂತು ನೋಡುತ್ತಿದ್ದರಂತೆ. ಒಂದು ಸಂಜೆ ಫೋನ್ ಮಾಡಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಮೇಡಂ, ಅಕ್ಕನ ಗ್ವಾಡಿ ಬೀಳವಲ್ದು ನೋಡ್ರಿ. ಮುಂಜಾನಿಂದ ಮಷೀನ್ ಹಚ್ಚ್ಯಾರ, ಇನ್ನಾ ಹಂಗ ನಿಂತೈತಿ."

ಒಡೆಯಲು ಹೋದಾಗ ಗಟ್ಟಿಯಾಗಿರುವುದಕ್ಕೂ ಭಾರ ಹೊತ್ತು ನಿಲ್ಲುವುದಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿದೆ. ಆದರೂ ಆ ಮಾತು ಎದೆಯಲ್ಲಿ ನಾಟಿತು. ಬಿದ್ದಿದ್ದರೆ ನಾನು ಸರಿ ಎಂದು ತಿಳಿಯುತ್ತಿತ್ತು. ಬೀಳುವ ಮೊದಲೇ ಎಲ್ಲರನ್ನೂ ಎಬ್ಬಿಸಿದವಳಿಗೆ ಅದು ಎಂದಿಗೂ ತಿಳಿಯುವುದಿಲ್ಲ. ನಮ್ಮವರಲ್ಲಿ ಕೆಲವರು ಈಗಲೂ, ಒಳ್ಳೆಯ ಕಟ್ಟಡವನ್ನು ಒಂದು ಕೂದಲೆಳೆ ತೋರಿಸಿ ಖಾಲಿ ಮಾಡಿಸಿದಳು ಎನ್ನುತ್ತಾರೆ. ಹೊಸ ಕಟ್ಟಡದ ಜಾಗದಲ್ಲಿ ಇನ್ನೂ ತಗಡಿನ ಬೇಲಿಯೇ ಇದೆ.

ಅಕ್ಕನನ್ನು ನೋಡಲು ಬೊರಿವಲಿಗೆ ಹೋಗುವುದನ್ನು ಮುಂದೂಡುತ್ತಲೇ ಬಂದಿದ್ದೆ. ಲೋಕಲ್ ದೂರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೊಂದು ಭಾನುವಾರ ಹೋದೆ. ಎತ್ತರದ ಬಿಲ್ಡಿಂಗು, ಲಿಫ್ಟು, ಚೊಕ್ಕ ಮನೆ. ತಮ್ಮನ ಮಗಳು ಒಳ್ಳೆಯವಳು, ಅತ್ತೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾಳೆ. ಅಡುಗೆಗೆ ಒಬ್ಬಳು ಬರುತ್ತಾಳೆ, ಅತ್ತೆ ಒಲೆಯ ಹತ್ತಿರ ಹೋಗುವುದು ಬೇಡ ಎಂದು ತಮ್ಮನ ಮಗಳೇ ಕಟ್ಟುನಿಟ್ಟು ಮಾಡಿದ್ದಾಳೆ. "ಅತ್ತೆಗೆ ಈಗ ಫುಲ್ ರೆಸ್ಟ್" ಎಂದು ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಹೆಮ್ಮೆಯಿಂದ ಹೇಳಿದಳು. ಅಕ್ಕ ಬಾಲ್ಕನಿಯಲ್ಲಿ ಕುಳಿತಿದ್ದರು. ಸೊರಗಿದ್ದರು. ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅದೂ ಇದೂ ಮಾತಾಡಿದೆವು. ಎರಡನೇ ಮಹಡಿಯ ಅಜ್ಜಿ ಹೇಗಿದ್ದಾರೆ, ನನ್ನ ರೂಮಿನಲ್ಲಿ ನೀರು ಬರುತ್ತದಾ, ನಾನು ಏನು ತಿನ್ನುತ್ತೇನೆ. ಆಮೇಲೆ ಅಕ್ಕ ಹೊರಗೆ ನೋಡುತ್ತಲೇ ಕೇಳಿದರು.

"ಒಡೆದ್ರಂತೆ ಅಲ್ವಾ?"

"ಹೌದು ಅಕ್ಕ."

"ನಾವು ಅಲ್ಲೇ ಇದ್ದಿದ್ರೆ ಬೀಳ್ತಿತ್ತು ಅಲ್ವಾ?"

"ಖಂಡಿತ ಬೀಳ್ತಿತ್ತು," ಎಂದುಬಿಟ್ಟೆ.

ಅಕ್ಕ ತಿರುಗಿ ನನ್ನ ಮುಖವನ್ನು ನೋಡಿದರು.

"ಸುಳ್ಳು ಹೇಳ್ಬೇಡ. ನೀನೂ ಸುಳ್ಳು ಹೇಳುವವಳು ಅಂತಾದ್ರೆ, ನಾನು ಒಲೆ ಆರಿಸಿ ಎದ್ದು ಬಂದದ್ದು ಯಾರ ಮಾತಿಗೆ?"

"ಗೊತ್ತಿಲ್ಲ ಅಕ್ಕ. ಬೀಳ್ತಿತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಸರೀತಾ ಇತ್ತು ಅನ್ನೋದಷ್ಟೇ ಗೊತ್ತು."

"ಹಾಂ," ಎಂದರು. ಅಷ್ಟೇ. ಆಮೇಲೆ ಅವರ ಕಣ್ಣಿನಿಂದ ನೀರು ಇಳಿಯತೊಡಗಿತು. ಒಲೆ ಕಳಚಿದ ದಿನ ಅತ್ತಿರಲಿಲ್ಲ, ಟೆಂಪೋ ಹತ್ತುವಾಗ ಅತ್ತಿರಲಿಲ್ಲ. ಈಗ ಒರೆಸಿಕೊಳ್ಳದೆ, ಸದ್ದಿಲ್ಲದೆ ಅಳುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ.

"ಅಳಬೇಡಿ ಅಕ್ಕ."

"ನೀನು ಇವತ್ತು ಬಂದು ಏಳಿ ಅಂದ್ರೆ ಇವತ್ತೂ ಎದ್ದು ಬರ್ತೇನೆ," ಎಂದರು ಅಕ್ಕ. "ಆದ್ರೆ ಅಳ್ಬೇಡ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ."

ಮತ್ತೆ ಹೇಳಲಿಲ್ಲ. ಒಳಗಿನಿಂದ ತಮ್ಮನ ಮಗಳು ಚಹಾ ತರಲಾ ಎಂದು ಕೇಳಿದಳು. ನಾನು ಅಕ್ಕನ ಕೈ ಬಿಡಲಿಲ್ಲ.